ಏರ್‌ಬ್ಯಾಗ್ ದೀಪ ಆರದಿದ್ದಾಗ: ಮಲೆನಾಡಿನ ಕಾರುಗಳಿಗೆ ದೋಷ ನಿವಾರಣೆ ಕೈಪಿಡಿ

ಇಗ್ನಿಷನ್ ಆನ್ ಮಾಡಿದೊಡನೆ ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಹೊತ್ತಬೇಕು, ಸುಮಾರು 6 ಸೆಕೆಂಡು ಉರಿದು ತಾನಾಗಿ ಆರಬೇಕು. ಆರಿತೆಂದರೆ ಏರ್‌ಬ್ಯಾಗುಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಅಂದರೆ ಕಂಟ್ರೋಲ್ ಯೂನಿಟ್, ತನ್ನ ಸರ್ಕ್ಯೂಟುಗಳನ್ನೆಲ್ಲ ನೋಡಿಕೊಂಡು ಎಲ್ಲ ಸರಿಯಿದೆ ಎಂದಿದೆ ಅಂತ ಅರ್ಥ. ಆರದೆ ಉಳಿದರೆ, ಅಥವಾ ಓಡುತ್ತಿರುವಾಗ ಮತ್ತೆ ಹೊತ್ತಿಕೊಂಡರೆ, ಎಲ್ಲೋ ಒಂದು ಕಡೆ ದೋಷವಿದೆ. ಇದರಿಂದ ಗಾಡಿ ನಿಲ್ಲುವುದಿಲ್ಲ, ಎಳೆತ ಕಡಿಮೆಯಾಗುವುದಿಲ್ಲ. ಅದಕ್ಕೇ ಎಷ್ಟೋ ಜನ ತಿಂಗಳುಗಟ್ಟಲೆ ಹಾಗೇ ಓಡಿಸುತ್ತಾರೆ. ಆದರೆ ದೀಪ ಉರಿಯುವಷ್ಟು ದಿನ, ಡಿಕ್ಕಿಯಾದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತದೆಂದು ನಂಬುವ ಹಾಗಿಲ್ಲ. ಕೆಲವು ಕಾರುಗಳಲ್ಲಿ ದೋಷವಿರುವ ಏರ್‌ಬ್ಯಾಗ್ ಒಂದೇ ಕೆಲಸ ನಿಲ್ಲಿಸುತ್ತದೆ, ಕೆಲವದರಲ್ಲಿ ಇಡೀ ವ್ಯವಸ್ಥೆಯೇ ಮಲಗಿರುತ್ತದೆ. ಸೀಟ್ ಬೆಲ್ಟನ್ನು ಡಿಕ್ಕಿಯ ಕ್ಷಣಕ್ಕೆ ಬಿಗಿಯಾಗಿ ಎಳೆಯುವ ಪ್ರಿಟೆನ್ಷನರ್ ಕೂಡ ಇದೇ ವ್ಯವಸ್ಥೆಯ ಭಾಗ. ಆಗುಂಬೆ ಘಾಟಿ, ಹುಲಿಕಲ್ ಘಾಟಿ ಇಳಿಯುವವರು ಈ ದೀಪವನ್ನು ಬ್ರೇಕ್ ದೀಪದಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು.

ದೀಪ ಹೊತ್ತಿತೆಂದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಸ್ಟೀರಿಂಗಿಗೆ. ನಮ್ಮ ಕಡೆಯ ಗಾಡಿಗಳಲ್ಲಿ ಕಾರಿನ ನೆಲದಿಂದ ಶುರು ಮಾಡುವುದು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಕಾಲು, ಒದ್ದೆ ಕೊಡೆ, ಒದ್ದೆ ರೇನ್‌ಕೋಟು ಎಲ್ಲ ಒಳಗೇ. ಕಿಟಕಿ ಇಳಿಸುವ ಹಾಗಿಲ್ಲ, ಕಾರ್ಪೆಟ್ ಒಣಗುವುದೇ ಇಲ್ಲ. ಏರ್‌ಬ್ಯಾಗಿನ ವೈರು, ಕನೆಕ್ಟರು, ಹೆಚ್ಚಿನ ಕಾರುಗಳಲ್ಲಿ ಕಂಟ್ರೋಲ್ ಯೂನಿಟ್ ಕೂಡ ಇರುವುದು ಅದೇ ನೆಲದ ಮಟ್ಟದಲ್ಲಿ.

ಕೈ ಹಾಕುವ ಮೊದಲು

ಈ ವ್ಯವಸ್ಥೆಯ ವೈರಿಂಗಿಗೆ ಸಾಮಾನ್ಯವಾಗಿ ಹಳದಿ ಕನೆಕ್ಟರ್ ಅಥವಾ ಹಳದಿ ಕವಚ ಇರುತ್ತದೆ. ಹಳದಿ ಕಂಡಲ್ಲಿ ಒಂದು ಕ್ಷಣ ನಿಲ್ಲಿ.

ಪ್ರತಿ ಏರ್‌ಬ್ಯಾಗಿನ ಹಿಂದೆ ಅದನ್ನು ಅನಿಲ ತುಂಬಿ ಉಬ್ಬಿಸುವ ಇನ್‌ಫ್ಲೇಟರ್ ಇರುತ್ತದೆ, ಅದಕ್ಕೆ ಕಿಡಿ ಕೊಡಲು ಸ್ಕ್ವಿಬ್ ಎಂಬ ಚಿಕ್ಕ ಕಿಡಿಗುಂಡು. ಅದರ ರೆಸಿಸ್ಟೆನ್ಸ್ ಬರೀ 2ರಿಂದ 3 ಓಮ್. ಸುಮಾರು 1.2 ಆಂಪಿಯರ್ ಕರೆಂಟು 2 ಮಿಲಿಸೆಕೆಂಡು ಹರಿದರೆ ಸಾಕು, ಅದು ಸಿಡಿಯುತ್ತದೆ. ಟೆಸ್ಟ್ ಲ್ಯಾಂಪ್ ಹಿಡಿದು ಕರೆಂಟು ಬರುತ್ತಿದೆಯೋ ಇಲ್ಲವೋ ನೋಡುವ ಅಭ್ಯಾಸ ಇಲ್ಲಿ ಜೀವಕ್ಕೇ ಅಪಾಯ. ಏರ್‌ಬ್ಯಾಗಿನ ಪಿನ್ನುಗಳಿಗೆ ಮಲ್ಟಿಮೀಟರನ್ನು ಓಮ್ ಮೋಡಿನಲ್ಲಿಟ್ಟು ಹಿಡಿಯುವುದೂ ನಿಷಿದ್ಧ, ಏಕೆಂದರೆ ಅಳೆಯಲು ಆ ಮೀಟರ್ ತನ್ನ ಬ್ಯಾಟರಿಯಿಂದಲೇ ಕರೆಂಟು ಕಳಿಸುತ್ತದೆ.

ಬ್ಯಾಟರಿ ಬಿಚ್ಚಿದರೂ ಅಪಾಯ ಕೂಡಲೇ ಹೋಗುವುದಿಲ್ಲ. ಡಿಕ್ಕಿಯಲ್ಲಿ ಬ್ಯಾಟರಿಯೇ ಚಚ್ಚಿಹೋದರೂ ಏರ್‌ಬ್ಯಾಗ್ ಬಿಚ್ಚಬೇಕಲ್ಲ, ಅದಕ್ಕಾಗಿ ಕಂಟ್ರೋಲ್ ಯೂನಿಟ್ ಒಳಗಿನ ಕೆಪಾಸಿಟರಿನಲ್ಲಿ ವಿದ್ಯುತ್ ಕೂಡಿಟ್ಟಿರುತ್ತದೆ. ಹಾಗಾಗಿ ಕ್ರಮ ಹೀಗೆ:

1. ಚಕ್ರ ನೇರ ಮಾಡಿ, ಇಗ್ನಿಷನ್ ಆಫ್ ಮಾಡಿ, ಕೀಲಿ ತೆಗೆಯಿರಿ. ಬಟನ್ ಸ್ಟಾರ್ಟ್ ಗಾಡಿಯಾದರೆ ಕೀಲಿಯನ್ನು ಕಾರಿನಿಂದ ದೂರ, ಮನೆಯೊಳಗೆ ಇಟ್ಟುಬನ್ನಿ.
2. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಕೇಬಲ್ ತುದಿಗೆ ಬಟ್ಟೆ ಸುತ್ತಿ, ತಿರುಗಿ ಟರ್ಮಿನಲಿಗೆ ತಾಗದಂತೆ ಪಕ್ಕಕ್ಕೆ ಸರಿಸಿಡಿ.
3. ಕಾಯಿರಿ. ಕಂಪನಿಗಳು 90 ಸೆಕೆಂಡು, 3 ನಿಮಿಷ ಎಂದು ಬೇರೆ ಬೇರೆ ಹೇಳುತ್ತವೆ. ನಿಮ್ಮ ಮಾಡೆಲ್ಲಿನ ಲೆಕ್ಕ ಕೈಯಲ್ಲಿ ಇಲ್ಲದಿದ್ದರೆ 10 ನಿಮಿಷ ಬಿಡಿ.
4. ಒಳಗೆ ಕೈ ಹಾಕುವ ಮೊದಲು ಬಾಗಿಲ ಬುಡದ ಬಣ್ಣವಿಲ್ಲದ ಲೋಹ ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಇಳಿಸಿಕೊಳ್ಳಿ.

ಇಷ್ಟಾದ ಮೇಲೂ ಮನೆಯಲ್ಲಿ ಮಾಡಬೇಕಾದ್ದು ಟಾರ್ಚ್ ಹಿಡಿದು ನೋಡುವುದು, ಬ್ಯಾಟರಿ ಅಳೆಯುವುದು, ನೀರಿನ ಮೂಲ ಹುಡುಕುವುದು, ಸಡಿಲವಾದ ಕನೆಕ್ಟರನ್ನು ಒತ್ತಿ ಕೂರಿಸುವುದು. ಹಳದಿ ಕನೆಕ್ಟರ್ ಬಿಚ್ಚುವುದು, ಸ್ಟೀರಿಂಗಿನ ಏರ್‌ಬ್ಯಾಗ್ ಕಳಚುವುದು ತರಬೇತಿ ಇರುವವರ ಕೆಲಸ. ಕೆಳಗೆ ಮೆಕ್ಯಾನಿಕ್‌ಗಾಗಿ ಬರೆದ ಕಡೆ ಹಾಗೆಂದೇ ಹೇಳಿದೆ.

ಗಾಡಿ ವಾರಗಟ್ಟಲೆ ನಿಂತಿತ್ತು, ಸ್ಟಾರ್ಟ್ ಮಾಡಿದ ಮೇಲೆ ದೀಪ ಹೊತ್ತಿತು

ಇದೇ ಅತಿ ಅಗ್ಗದ ಕಾರಣ, ಮೊದಲು ಇದನ್ನೇ ನೋಡಿ. ಬ್ಯಾಟರಿ ಸೋತಿದ್ದರೆ ಸೆಲ್ಫ್ ಹೊಡೆಯುವ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತದೆ, ಕಂಟ್ರೋಲ್ ಯೂನಿಟ್ ಅದನ್ನೇ ದೋಷವೆಂದು ಬರೆದುಕೊಳ್ಳುತ್ತದೆ. ಪಕ್ಕದ ಗಾಡಿಯಿಂದ ಕೇಬಲ್ ಹಾಕಿ ಜಂಪ್ ಸ್ಟಾರ್ಟ್ ಮಾಡಿದ ಮೇಲೂ ಹೀಗಾಗುವುದುಂಟು.

ಮಲ್ಟಿಮೀಟರನ್ನು ಡಿಸಿ ವೋಲ್ಟ್ ಮೋಡಿಗಿಟ್ಟು ಬ್ಯಾಟರಿಯ ಎರಡು ಟರ್ಮಿನಲಿನ ಮೇಲೆ ಮಾತ್ರ ಅಳೆಯಿರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಚೆನ್ನಾಗಿದೆ, 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಸಾಲದು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಕಾಲ ಮುಗಿಯುತ್ತ ಬಂದಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರೊಳಗೆ ಇರಬೇಕು. ಟರ್ಮಿನಲಿನ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ ಕೇಬಲ್ ಬಿಚ್ಚಿ, ಬಿಸಿನೀರಿನಲ್ಲಿ ಅಡುಗೆ ಸೋಡಾ ಕದಡಿ ತೊಳೆದು, ಪೂರ್ತಿ ಒಣಗಿಸಿ, ಬಿಗಿ ಮಾಡಿ. ಮಳೆಗಾಲದಲ್ಲಿ ಈ ಪುಡಿ ಬೇಗ ಕಟ್ಟುತ್ತದೆ.

ಬ್ಯಾಟರಿ ಸರಿಯಾದ ಮೇಲೆ ಕೆಲವು ಕಾರುಗಳಲ್ಲಿ ದೀಪ ತಾನಾಗಿ ಆರುತ್ತದೆ. ಇನ್ನು ಕೆಲವದರಲ್ಲಿ ಯೂನಿಟ್ ಬರೆದುಕೊಂಡ ದೋಷದ ಕೋಡ್ ಅದರ ನೆನಪಿನಲ್ಲೇ ಕೂತಿರುತ್ತದೆ, ಸ್ಕ್ಯಾನರಿನಿಂದಲೇ ಅಳಿಸಬೇಕು. ಅಳಿಸಿದ ಮೇಲೆ ಮತ್ತೆ ಬರಲಿಲ್ಲವೆಂದರೆ ಕೆಲಸ ಅಲ್ಲಿಗೆ ಮುಗಿಯಿತು.

ಸೀಟು ಹಿಂದೆ ಮುಂದೆ ಮಾಡಿದಾಗ, ಒಳಗೆ ತೊಳೆಸಿದ ಮೇಲೆ ದೀಪ ಬರುತ್ತದೆ

ದೀಪ ಒಮ್ಮೆ ಬಂದು ಒಮ್ಮೆ ಹೋಗಿ ಆಟವಾಡಿಸುತ್ತಿದ್ದರೆ ಮೊದಲ ಅನುಮಾನ ಮುಂದಿನ ಸೀಟುಗಳ ಅಡಿಯ ಕನೆಕ್ಟರುಗಳ ಮೇಲಿರಲಿ. ಸೈಡ್ ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದರ ವೈರು ಸೀಟಿನಡಿಯಿಂದಲೇ ಹಾದುಹೋಗುತ್ತದೆ. ಬಕಲ್ ಸ್ವಿಚ್, ಸೀಟಿನಲ್ಲಿ ಯಾರಾದರೂ ಕೂತಿದ್ದಾರೆಯೇ ಎಂದು ನೋಡುವ ಸೆನ್ಸರ್, ಕೆಲವು ಮಾಡೆಲ್‌ಗಳಲ್ಲಿ ಪ್ರಿಟೆನ್ಷನರ್ ಕೂಡ ಅಲ್ಲೇ. ಸೀಟು ಜಾರಿದಾಗೆಲ್ಲ ಈ ವೈರು ಎಳೆಯುತ್ತದೆ, ಮಡಿಚುತ್ತದೆ. ಮಳೆಗಾಲದ ಕೊಡೆ, ನೀರಿನ ಬಾಟ್ಲಿ, ಜಾಕು, ಕತ್ತಿ, ಎಲ್ಲವನ್ನೂ ಸೀಟಿನಡಿಗೆ ತುರುಕುವುದು ರೂಢಿ. ಘಾಟಿ ಇಳಿಯುವಾಗ ಬಾಟ್ಲಿ ಉರುಳಿ ಕನೆಕ್ಟರಿಗೆ ಬಡಿದರೂ ಸಾಕು, ಒಳಗಿನ ಪಿನ್ ಅರ್ಧ ಮಿಲಿಮೀಟರ್ ಹಿಂದೆ ಸರಿಯಬಹುದು.

ತೋಟದವರು ಇನ್ನೊಂದು ವಿಷಯ ಗಮನಿಸಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲದಲ್ಲಿ ಮೈಲುತುತ್ತದ ಚೀಲ, ದ್ರಾವಣ ಅಂಟಿದ ಕ್ಯಾನು, ಗನ್ನು, ಪೈಪು ಕಾರಿನಲ್ಲೇ ಸಾಗುತ್ತವೆ. ಮೈಲುತುತ್ತ ತೇವಕ್ಕೆ ಕರಗಿ ಲೋಹವನ್ನು ತಿನ್ನುತ್ತದೆ. ಕಾರ್ಪೆಟ್ಟಿಗೆ ಬಿದ್ದ ನೀಲಿ ಕಲೆ ಸೀಟಿನ ಹಳಿಯವರೆಗೆ ಹರಿದಿದ್ದರೆ ಅಲ್ಲಿನ ಕನೆಕ್ಟರನ್ನು ಪರೀಕ್ಷಿಸಲೇಬೇಕು. ರಸಗೊಬ್ಬರದ ಚೀಲಕ್ಕೂ ಇದೇ ಮಾತು. ಇವನ್ನು ಕಾರಿನ ಹಿಂದಿನ ಬೂಟಿನಲ್ಲಿ, ದಪ್ಪ ಪ್ಲಾಸ್ಟಿಕ್ ಟ್ರೇ ಒಳಗಿಟ್ಟು ಒಯ್ಯುವುದು ಉಳಿದೆಲ್ಲ ಉಪಾಯಕ್ಕಿಂತ ಅಗ್ಗ.

ನೋಡುವ ಬಗೆ: ಮೇಲೆ ಹೇಳಿದಂತೆ ಬ್ಯಾಟರಿ ಬಿಚ್ಚಿ, ಕಾದು, ಸೀಟನ್ನು ಪೂರ್ತಿ ಹಿಂದೆ ತಳ್ಳಿ ಮುಂದಿನಿಂದ ಟಾರ್ಚ್ ಬಿಡಿ; ಆಮೇಲೆ ಪೂರ್ತಿ ಮುಂದೆ ತಳ್ಳಿ ಹಿಂದಿನಿಂದ ನೋಡಿ. ಹಳದಿ ಕನೆಕ್ಟರ್ ತನ್ನ ಕ್ಲಿಪ್ಪಿನಲ್ಲಿ ಕೂತಿದೆಯೇ, ಅದರ ಲಾಕ್ ಪೂರ್ತಿ ಒಳಗೆ ಹೋಗಿದೆಯೇ, ವೈರು ಸೀಟಿನ ಹಳಿಗೆ ಸಿಕ್ಕಿ ಜಜ್ಜಿದೆಯೇ, ಎಲ್ಲಾದರೂ ಹಸಿರು ಕಿಲುಬು ಕಾಣುತ್ತದೆಯೇ? ಲಾಕ್ ಅರೆಬರೆ ಕೂತಿದ್ದರೆ ಕನೆಕ್ಟರನ್ನು ಬಿಚ್ಚದೆ ಎರಡೂ ಬದಿಯಿಂದ ಒತ್ತಿ, ಟಕ್ ಎಂಬ ಸದ್ದು ಬರಬೇಕು. ಇಷ್ಟು ಮಾಡಿ ಬ್ಯಾಟರಿ ಕೊಟ್ಟು ನೋಡಿ.

ಮಾಡಬಾರದ್ದೂ ಇದೆ. ಇಗ್ನಿಷನ್ ಆನ್ ಇಟ್ಟುಕೊಂಡು ಒಬ್ಬರು ವೈರು ಅಲ್ಲಾಡಿಸುವುದು, ಇನ್ನೊಬ್ಬರು ದೀಪ ನೋಡುವುದು ಬೇಡವೇ ಬೇಡ. ಕನೆಕ್ಟರಿನೊಳಗೆ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ, ಗ್ರೀಸು, ಪೆಟ್ರೋಲು ಹಾಕಬೇಡಿ. ಕೆಲವು ಗ್ಯಾರೇಜಿನಲ್ಲಿ ಪಿನ್ನು ಬಿಗಿಯಾಗಲೆಂದು ಕಾಗದದ ಚೂರು, ತಂತಿಯ ಎಳೆ ತುರುಕುತ್ತಾರೆ. ಆ ಕನೆಕ್ಟರಿನೊಳಗೆ ಶಾರ್ಟಿಂಗ್ ಬಾರ್ ಎಂಬ ತೆಳು ಲೋಹದ ಪಟ್ಟಿ ಇರುತ್ತದೆ. ಕನೆಕ್ಟರ್ ಬಿಚ್ಚಿದ ಕೂಡಲೇ ಅದು ಏರ್‌ಬ್ಯಾಗಿನ ಎರಡು ಪಿನ್ನುಗಳನ್ನು ಒಂದಕ್ಕೊಂದು ಸೇರಿಸಿ, ಸ್ಟ್ಯಾಟಿಕ್‌ನಿಂದ ಸಿಡಿಯದಂತೆ ಕಾಯುತ್ತದೆ. ಏನಾದರೂ ತುರುಕಿದರೆ ಆ ಪಟ್ಟಿ ಸೊಟ್ಟಗಾಗುತ್ತದೆ. ಕಿಲುಬು ಹಿಡಿದ ಕನೆಕ್ಟರನ್ನು ಬದಲಿಸಬೇಕು, ಉಜ್ಜಿ ಸರಿ ಮಾಡುವ ಭಾಗ ಅದಲ್ಲ.

ಸೀಟ್ ಕವರಿನ ವಿಷಯವೂ ಇಲ್ಲೇ ಹೇಳಬೇಕು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಹೊಲಿದಿದ್ದರೆ ಸಾಮಾನ್ಯ ಕವರ್ ಹಾಕಬಾರದು. ಆ ಪಕ್ಕದ ಹೊಲಿಗೆ ಹರಿದುಕೊಳ್ಳುವಂತೆ ಮಾಡಿದ, ಸೈಡ್ ಏರ್‌ಬ್ಯಾಗಿಗೆ ಹೊಂದುವ ಕವರನ್ನೇ ಕೇಳಿ ತೆಗೆದುಕೊಳ್ಳಿ.

ಜಡಿಮಳೆ ಹಿಡಿದ ಮೇಲೆ ಬಂದ ದೀಪ, ಒಳಗೆ ಮುಗ್ಗಲು ವಾಸನೆ

ನೆಲದ ರಬ್ಬರ್ ಮ್ಯಾಟ್ ತೆಗೆದು, ಕಾರ್ಪೆಟ್ಟಿನ ಮೇಲೆ ಹಳೇ ಪತ್ರಿಕೆಯ ಹಾಳೆ ಮಡಿಚಿಟ್ಟು ಅಂಗೈಯಿಂದ ಬಲವಾಗಿ ಒತ್ತಿ. ಮೇಲೆ ಒಣಗಿದಂತೆ ಕಂಡರೂ ಅಡಿಯ ಫೋಮು ನೀರು ಹಿಡಿದಿರುತ್ತದೆ, ಹಾಳೆ ಒದ್ದೆಯಾದರೆ ತಿಳಿಯುತ್ತದೆ. ಎಡ, ಬಲ, ಹಿಂದೆ, ನಾಲ್ಕೂ ಕಡೆ ಒತ್ತಿ ನೋಡಿ, ಎಲ್ಲಿ ಹೆಚ್ಚು ಒದ್ದೆ ಎಂಬುದೇ ಮೂಲದ ಸುಳಿವು.

ಮುಂದಿನ ಎಡಬದಿಯಲ್ಲಿ ವಾಸನೆಯಿಲ್ಲದ ತಿಳಿನೀರು ಇದ್ದರೆ ಹೆಚ್ಚಾಗಿ ಎಸಿ ನೀರು ಹೊರಹೋಗುವ ಪೈಪು ಕಟ್ಟಿದೆ. ಎಸಿ ಹಾಕಿ ನಿಲ್ಲಿಸಿದ ಗಾಡಿಯ ಕೆಳಗೆ ನೀರು ತೊಟ್ಟಿಕ್ಕದಿದ್ದರೆ ಅನುಮಾನ ಖಚಿತ. ಕೆಸರು ಬಣ್ಣದ, ಕೊಳೆತ ಎಲೆಯ ವಾಸನೆಯ ನೀರಾದರೆ ಬಾನೆಟ್ಟಿನ ಹಿಂದೆ, ವೈಪರ್ ಅಡಿಯ ಕಿಂಡಿಗಳನ್ನು ನೋಡಿ. ಮರದಡಿ ನಿಲ್ಲುವ ಗಾಡಿಗಳಲ್ಲಿ ಎಲೆ, ಹೂವು, ಹಾವಸೆ ಸೇರಿ ಅಲ್ಲಿನ ಡ್ರೈನ್ ತೂತು ಮುಚ್ಚಿರುತ್ತದೆ, ನೀರು ಬೇರೆ ದಾರಿಯಿಲ್ಲದೆ ಒಳಗಿಳಿಯುತ್ತದೆ. ಕೈಯಿಂದ ಎಲೆ ಬಾಚಿ ಒಂದು ಚೊಂಬು ನೀರು ಹೊಯ್ದು, ಕೆಳಗೆ ಸರಾಗ ಬೀಳುತ್ತದೆಯೇ ನೋಡಿ. ಜೂನ್‌ಗೆ ಮೊದಲೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಇದನ್ನು ಮಾಡುವವರಿಗೆ ಈ ವಿಭಾಗದ ಉಳಿದ ಭಾಗ ಬೇಕಾಗುವುದೇ ಕಡಿಮೆ. ಬಾಗಿಲ ಬುಡದ ಸಾಲಿನಲ್ಲಿ ಒದ್ದೆಯಿದ್ದರೆ ಬಾಗಿಲ ರಬ್ಬರ್, ಅಥವಾ ಸ್ಪೀಕರ್ ಹಾಕಿಸುವಾಗ ಹರಿದ ಒಳಗಿನ ಪ್ಲಾಸ್ಟಿಕ್ ಹಾಳೆ ಕಾರಣ. ಮುಂದಿನ ಗಾಜು ಬದಲಿಸಿದ್ದರೆ ಅದರ ಅಂಟಿನ ಅಂಚನ್ನೂ ಶಂಕಿಸಿ.

ಕಂಟ್ರೋಲ್ ಯೂನಿಟ್ ಹೆಚ್ಚಿನ ಕಾರುಗಳಲ್ಲಿ ಗೇರ್ ಲಿವರಿನ ಆಸುಪಾಸು, ನಡುವಿನ ಕನ್ಸೋಲ್ ಅಡಿಯಲ್ಲಿ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿರುತ್ತದೆ. ಒದ್ದೆ ಕಾರ್ಪೆಟ್ ಅದರ ಸುತ್ತಲೇ ಇರುತ್ತದೆ. ಮೂಲ ಮುಚ್ಚಿದ ಮೇಲೆ ಸೀಟು ತೆಗೆಸಿ ಕಾರ್ಪೆಟ್ ಎಬ್ಬಿಸಿ ಒಣಗಿಸಬೇಕು; ಬಿಸಿಲಿಲ್ಲದ ದಿನಗಳಲ್ಲಿ ಫ್ಯಾನ್ ಇಟ್ಟು ಎರಡು ಮೂರು ದಿನವಾದರೂ ಬೇಕು. ಯೂನಿಟ್ಟಿನ ಮೇಲೆ ಹೀಟ್ ಗನ್ ಬಿಡಬೇಡಿ. ಸೀಟು ತೆಗೆಯುವುದೆಂದರೆ ಹಳದಿ ಕನೆಕ್ಟರ್ ಬಿಚ್ಚುವುದು, ಆದ್ದರಿಂದ ಇದು ಗ್ಯಾರೇಜಿನ ಕೆಲಸ. ಕನೆಕ್ಟರ್ ಬಿಚ್ಚಿರುವಾಗ ಯಾರಾದರೂ ಇಗ್ನಿಷನ್ ಆನ್ ಮಾಡಿದರೆ ಹೊಸ ಕೋಡ್ ದಾಖಲಾಗುತ್ತದೆಂಬುದೂ ನೆನಪಿರಲಿ.

ಯೂನಿಟ್ಟೇ ಹಾಳಾಗಿದ್ದರೆ ಗುಜರಿಯ ಯೂನಿಟ್ ತಂದು ಕೂರಿಸುವುದಕ್ಕೆ ಒಪ್ಪಬೇಡಿ. ಅದು ಯಾವ ಮಾಡೆಲ್ಲಿಗೆ ಬರೆದದ್ದು, ಒಳಗೆ ಹಿಂದಿನ ಡಿಕ್ಕಿಯ ದಾಖಲೆ ಇದೆಯೇ ಎಂದು ಹೊರಗಿನಿಂದ ತಿಳಿಯದು. ಕೂರಿಸುವ ದಿಕ್ಕಿಗೂ ಬೆಲೆಯಿದೆ: ಮೇಲಿನ ಬಾಣದ ಗುರುತು ಗಾಡಿಯ ಮುಂದಕ್ಕೆ ಇರಬೇಕು, ಬೋಲ್ಟುಗಳು ಕಂಪನಿ ಹೇಳಿದ ಟಾರ್ಕಿನಲ್ಲಿ ಬಿಗಿಯಾಗಬೇಕು. ಹೊಡೆತವನ್ನು ಅಳೆಯುವ ಸೆನ್ಸರ್ ಅದರೊಳಗೇ ಇದೆ. ಸಡಿಲ ಯೂನಿಟ್ ಹೊಡೆತವನ್ನು ತಪ್ಪಾಗಿ ಅಳೆಯುತ್ತದೆ.

2019ರ ಆಗಸ್ಟಿನಂಥ ನೆರೆಯಲ್ಲಿ ನೀರು ಸೀಟಿನ ಮಟ್ಟಕ್ಕೆ ಏರಿದ್ದ ಗಾಡಿಯಾದರೆ ಇಗ್ನಿಷನ್ ಆನ್ ಮಾಡಲೇಬೇಡಿ. ನೆಗೆಟಿವ್ ಬಿಚ್ಚಿ, ಟೋ ಮಾಡಿಸಿ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಹಾರ್ನ್ ಸತ್ತಿದೆ, ಜೊತೆಗೆ ಏರ್‌ಬ್ಯಾಗ್ ದೀಪ

ಈ ಎರಡೂ ಒಟ್ಟಿಗೆ ಬಂದರೆ ಕಾರಣ ಬಹುತೇಕ ಒಂದೇ: ಕ್ಲಾಕ್ ಸ್ಪ್ರಿಂಗ್. ಸ್ಪೈರಲ್ ಕೇಬಲ್ ಎಂದೂ ಕರೆಯುತ್ತಾರೆ. ತಿರುಗುವ ಸ್ಟೀರಿಂಗಿಗೆ ನಿಂತ ಕಾಲಮ್ಮಿನಿಂದ ಕರೆಂಟು ಒಯ್ಯಲು ಅಲ್ಲಿ ಸುತ್ತಿಟ್ಟ ಚಾಪೆಯಂತೆ ತೆಳು ರಿಬ್ಬನ್ ಕೇಬಲ್ಲಿನ ಸುರುಳಿ ಇರುತ್ತದೆ. ಹಾರ್ನ್, ಸ್ಟೀರಿಂಗ್ ಮೇಲಿನ ಆಡಿಯೋ ಬಟನ್, ಚಾಲಕನ ಏರ್‌ಬ್ಯಾಗ್ ಎಲ್ಲದರ ವೈರು ಅದರೊಳಗೇ ಸಾಗುತ್ತದೆ. ರಿಬ್ಬನ್ ಬಿರುಕು ಬಿಟ್ಟರೆ ಮೊದಲು ಸ್ಟೀರಿಂಗ್ ತಿರುಗಿಸುವಾಗ ಸರಸರ ಸದ್ದು, ಆಮೇಲೆ ಹಾರ್ನ್ ಒಂದು ಕೋನದಲ್ಲಿ ಮಾತ್ರ ಕೂಗುವುದು, ಕೊನೆಗೆ ದೀಪ.

ಹಾರ್ನ್ ಮಾತ್ರ ಸತ್ತು ದೀಪ ಇಲ್ಲದಿದ್ದರೆ ಮೊದಲು ಫ್ಯೂಸ್, ರಿಲೇ, ಹಾರ್ನ್ ತುದಿಯ ವೈರು ನೋಡಿ, ಖರ್ಚಿಲ್ಲದೆ ಮುಗಿಯಬಹುದು.

ಸಸ್ಪೆನ್ಷನ್, ಸ್ಟೀರಿಂಗ್ ರ್‍ಯಾಕ್ ಕೆಲಸ ಮಾಡಿಸಿ ತಂದ ಮರುದಿನವೇ ಈ ಲಕ್ಷಣ ಬಂದರೆ ಅದಕ್ಕೂ ಕಾರಣವಿದೆ. ಕಾಲಮ್ ಬಿಚ್ಚಿದ್ದಾಗ ಸ್ಟೀರಿಂಗನ್ನು ಕಟ್ಟಿ ಹಿಡಿಯದೆ ಬಿಟ್ಟರೆ ಅದು ಸುಮ್ಮನೆ ಸುತ್ತುತ್ತದೆ, ಸುರುಳಿ ತನ್ನ ನಡುಸ್ಥಾನ ಕಳೆದುಕೊಳ್ಳುತ್ತದೆ. ಆಮೇಲೆ ಮೊದಲ ಪೂರ್ಣ ತಿರುವಿನಲ್ಲೇ ರಿಬ್ಬನ್ ಕಿತ್ತುಹೋಗುತ್ತದೆ. ನಮ್ಮ ರಸ್ತೆಗಳಲ್ಲಿ ರ್‍ಯಾಕ್, ಬುಷ್ ಕೆಲಸ ಪದೇ ಪದೇ ಬರುವುದರಿಂದ, ಗಾಡಿ ಕೊಡುವಾಗಲೇ ಮೆಕ್ಯಾನಿಕ್‌ಗೆ ಚಕ್ರ ನೇರ ಇಟ್ಟು ಸ್ಟೀರಿಂಗ್ ಲಾಕ್ ಮಾಡಿಕೊಂಡೇ ಬಿಚ್ಚಿ ಎಂದು ಹೇಳುವುದರಲ್ಲಿ ತಪ್ಪಿಲ್ಲ.

ಮೆಕ್ಯಾನಿಕ್‌ಗೆ: ಏರ್‌ಬ್ಯಾಗನ್ನು ಅಳೆಯದೆ, ಅದರ ಬದಲಿಗೆ ಸುಮಾರು 2 ಓಮಿನ ಡಮ್ಮಿ ಲೋಡ್ (ಏರ್‌ಬ್ಯಾಗಿನ ಬದಲು ಕೂರುವ ರೆಸಿಸ್ಟರ್) ಹಾಕಿ ದೋಷ ಭಾಗ ಮಾಡಿ. ಪ್ರತಿ ಹೆಜ್ಜೆಗೂ ಬ್ಯಾಟರಿ ಬಿಚ್ಚಿ ಕಾಯುವುದು ಕಡ್ಡಾಯ. ಸ್ಟೀರಿಂಗ್ ತುದಿಯಲ್ಲಿ ಡಮ್ಮಿ ಹಾಕಿದಾಗ ಕೋಡ್ ಹೋದರೆ ದೋಷ ಏರ್‌ಬ್ಯಾಗಿನಲ್ಲಿ ಅಥವಾ ಅದರ ಕನೆಕ್ಟರಿನಲ್ಲಿ. ಹೋಗದಿದ್ದರೆ ಕ್ಲಾಕ್ ಸ್ಪ್ರಿಂಗಿನ ಕೆಳಗಿನ ಕನೆಕ್ಟರಿನಲ್ಲಿ ಡಮ್ಮಿ ಹಾಕಿ. ಅಲ್ಲಿ ಹೋದರೆ ದೋಷ ಕ್ಲಾಕ್ ಸ್ಪ್ರಿಂಗಿನದು. ಅಲ್ಲೂ ಉಳಿದರೆ ವೈರಿಂಗ್ ಅಥವಾ ಕಂಟ್ರೋಲ್ ಯೂನಿಟ್. ಹೊಸ ಕ್ಲಾಕ್ ಸ್ಪ್ರಿಂಗ್ ನಡುಸ್ಥಾನದಲ್ಲಿ ಪಿನ್ ಅಥವಾ ಟೇಪಿನಿಂದ ಲಾಕ್ ಆಗಿ ಬರುತ್ತದೆ, ಕೂರಿಸಿದ ಮೇಲಷ್ಟೇ ಲಾಕ್ ತೆಗೆಯಬೇಕು. ಲಾಕ್ ಕಳೆದಿದ್ದರೆ ಒಂದು ದಿಕ್ಕಿಗೆ ಮೆಲ್ಲಗೆ ಕೊನೆಯವರೆಗೆ ತಿರುಗಿಸಿ, ಆ ಮಾಡೆಲ್ಲಿಗೆ ಹೇಳಿದಷ್ಟು ಸುತ್ತು (ಸಾಮಾನ್ಯವಾಗಿ ಎರಡೂವರೆಯಿಂದ ಮೂರು) ಹಿಂದಕ್ಕೆ ಬಂದು ಬಾಣದ ಗುರುತು ಕೂಡಿಸಬೇಕು. ಕಳಚಿದ ಏರ್‌ಬ್ಯಾಗನ್ನು ಮುಚ್ಚಳದ ಮುಖ ಮೈಯಿಂದ ಆಚೆಗಿರುವಂತೆ ಹಿಡಿದು ಒಯ್ಯಿರಿ, ಮೇಜಿನ ಮೇಲೆ ಮುಚ್ಚಳ ಮೇಲ್ಮುಖವಾಗಿಯೇ ಇಡಿ. ಕವುಚಿಟ್ಟದ್ದು ಸಿಡಿದರೆ ಇಡೀ ಲೋಹದ ಭಾಗ ಸೂರಿಗೆ ಹಾರುತ್ತದೆ.

ಇಲಿ ಹೊಕ್ಕ ಗಾಡಿ

ಅಡಿಕೆ, ಭತ್ತ ಇಟ್ಟ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಂತ ಗಾಡಿಗೆ ಇಲಿ, ಹೆಗ್ಗಣ ಹೊಕ್ಕುವುದು ಹೊಸದಲ್ಲ. ಏರ್ ಫಿಲ್ಟರ್ ಡಬ್ಬಿಯಲ್ಲಿ ಹುಲ್ಲು, ಗ್ಲೋವ್ ಬಾಕ್ಸಿನ ಹಿಂದೆ ಹಿಕ್ಕೆ ಕಂಡರೆ, ಸೀಟಿನಡಿ, ಡ್ಯಾಶ್‌ಬೋರ್ಡಿನಡಿಯ ಹಳದಿ ಕವಚವನ್ನು ಟಾರ್ಚ್ ಬಿಟ್ಟು ನೋಡಿ.

ಬೇರೆ ವೈರು ಕಡಿದಿದ್ದರೆ ಸೇರಿಸಿ ಬೆಸುಗೆ ಹಾಕಿ ಟೇಪ್ ಸುತ್ತುತ್ತೇವೆ. ಏರ್‌ಬ್ಯಾಗ್ ವೈರಿಗೆ ಅದು ನಡೆಯದು. ಇಡೀ ಸರ್ಕ್ಯೂಟಿನ ರೆಸಿಸ್ಟೆನ್ಸೇ 2–3 ಓಮ್ ಇರುವಾಗ ಕೆಟ್ಟ ಜೋಡಣೆ ಒಂದೆರಡು ಓಮ್ ಸೇರಿಸಿದರೂ ಯೂನಿಟ್ಟಿಗೆ ಅದು ದೋಷ. ಜೋಡಿಸಿದ ದಿನ ಸರಿಯಿದ್ದರೂ ಮುಂದಿನ ಮಳೆಗಾಲದ ತೇವಕ್ಕೆ ಬೆಸುಗೆ ಕಿಲುಬು ಹಿಡಿಯುತ್ತದೆ. ಆ ಭಾಗದ ಹಾರ್ನೆಸ್ (ವೈರುಗಳ ಕಟ್ಟು) ಬದಲಿಸುವುದು, ಅಥವಾ ನಿಮ್ಮ ಗಾಡಿಯ ಕಂಪನಿ ತಾನೇ ಒಪ್ಪಿದ ದುರಸ್ತಿ ಕಿಟ್ ಇದ್ದರೆ ಅದನ್ನು ಹಾಕಿಸುವುದು, ಈ ಎರಡೇ ದಾರಿ. ಗಾಡಿಯ ವಿಮೆಯಲ್ಲಿ ಇಲಿ ಕಡಿತ ಸೇರಿದೆಯೇ ಎಂದು ಬಿಲ್ ಕಟ್ಟುವ ಮೊದಲೇ ಕೇಳಿ.

ಬಂಪರಿಗೆ ಏಟು ಬಿದ್ದಿತ್ತು, ಅಥವಾ ಮುಂದೆ ಗಾರ್ಡ್ ಹಾಕಿಸಿದ್ದೀರಿ

ಹಲವು ಕಾರುಗಳಲ್ಲಿ ರೇಡಿಯೇಟರ್ ಚೌಕಟ್ಟಿನ ಬಳಿ ಒಂದೆರಡು ಮುಂಭಾಗದ ಸೆನ್ಸರ್ ಇರುತ್ತವೆ. ಧರೆಗೆ ಉಜ್ಜಿದ್ದು, ಹೊಂಡಕ್ಕೆ ಇಳಿದದ್ದು, ಕೆಸರು ತುಂಬಿದ್ದು, ಇಷ್ಟರಿಂದಲೇ ಅವುಗಳ ಕನೆಕ್ಟರಿಗೆ ನೀರು ಹೋಗುತ್ತದೆ. ಬಂಪರ್ ಪೇಂಟಿಗೆ ಕೊಟ್ಟು ತಂದ ಮೇಲೆ ದೀಪ ಬಂದರೆ ಕನೆಕ್ಟರ್ ಹಾಕಲು ಮರೆತಿರಬಹುದು, ಮೊದಲು ಅದನ್ನೇ ಕೇಳಿ. ಬಿದ್ದ ಅಥವಾ ಸೊಟ್ಟಗಾದ ಸೆನ್ಸರನ್ನು ಮತ್ತೆ ಬಳಸಬಾರದು.

ಕಾಟಿ, ಹಂದಿ ಅಡ್ಡ ಬರುವ ರಸ್ತೆಯೆಂದು ಕಬ್ಬಿಣದ ಗಾರ್ಡ್ ಹಾಕಿಸುವವರ ಆತಂಕ ಅರ್ಥವಾಗುತ್ತದೆ. ಆದರೆ ಡಿಕ್ಕಿಯ ಬಲ ಕಾರಿನ ಚೌಕಟ್ಟಿಗೆ ತಲುಪುವ ರೀತಿಯನ್ನೇ ಗಾರ್ಡ್ ಬದಲಿಸಿಬಿಡುತ್ತದೆ, ಏರ್‌ಬ್ಯಾಗ್ ಬಿಚ್ಚುವ ಕ್ಷಣದ ಲೆಕ್ಕ ತಪ್ಪುತ್ತದೆ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಇವುಗಳ ಮೇಲೆ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿದೆ. ತೆಗೆಸಿಬಿಡಿ.

ದೀಪ ಬರುವುದೇ ಇಲ್ಲ

ಉರಿಯುತ್ತಲೇ ಇರುವ ದೀಪಕ್ಕಿಂತ ಇದು ಕೆಟ್ಟ ಲಕ್ಷಣ, ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಚೆನ್ನಾಗಿ ನೋಡಬೇಕು. ಇಗ್ನಿಷನ್ ಆನ್ ಮಾಡಿ, ಸ್ಟಾರ್ಟ್ ಮಾಡದೆ ಮೀಟರ್ ನೋಡಿ. ಏರ್‌ಬ್ಯಾಗ್ ದೀಪ ಹೊತ್ತಲೇ ಇಲ್ಲವೆಂದರೆ ಬಲ್ಬ್ ತೆಗೆದಿರಬಹುದು, ಮೇಲೆ ಟೇಪ್ ಹಚ್ಚಿರಬಹುದು. ಆಯಿಲ್ ದೀಪ ಅಥವಾ ಬೇರೊಂದು ದೀಪದೊಂದಿಗೇ ಹೊತ್ತಿ ಅದರೊಂದಿಗೇ ಆರಿದರೆ ಎರಡನ್ನೂ ಸೇರಿಸಿ ಕಟ್ಟಿರುವ ಅನುಮಾನವಿದೆ. ಏರ್‌ಬ್ಯಾಗ್ ದೀಪ ತನ್ನದೇ ಲೆಕ್ಕದಲ್ಲಿ ಆರಬೇಕು. 2019ರ ಜುಲೈ 1ರ ನಂತರ ತಯಾರಾದ ಕಾರಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯ, ಆದ್ದರಿಂದ ಆ ಕಾರಿನಲ್ಲಿ ಈ ದೀಪ ಇಲ್ಲ ಎಂಬ ಮಾತೇ ಇಲ್ಲ.

ಇನ್ನೂ ಕೆಟ್ಟದ್ದು, ಮೇಲೆ ಹೇಳಿದ ಪರೀಕ್ಷೆಯ ಡಮ್ಮಿಯನ್ನೇ ಏರ್‌ಬ್ಯಾಗ್ ಜಾಗದಲ್ಲಿ ಶಾಶ್ವತವಾಗಿ ಬಿಟ್ಟುಬಿಡುವುದು. ಡಿಕ್ಕಿಯಾದ ಗಾಡಿಗೆ ಹೊಸ ಏರ್‌ಬ್ಯಾಗ್ ದುಬಾರಿಯೆಂದು 2 ಓಮಿನ ರೆಸಿಸ್ಟರ್ ಹಾಕಿ, ಮೇಲೆ ಹೊಸ ಮುಚ್ಚಳ ಅಂಟಿಸಿ ಮಾರುತ್ತಾರೆ. ದೀಪ ಸರಿಯಾಗಿ 6 ಸೆಕೆಂಡಿಗೆ ಆರುತ್ತದೆ, ಒಳಗೆ ಏರ್‌ಬ್ಯಾಗೇ ಇಲ್ಲ. ಮುಚ್ಚಳದ ಬಣ್ಣ ಸ್ಟೀರಿಂಗಿಗಿಂತ ಹೊಸದಾಗಿ ಕಂಡರೆ, ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ಅಂಟಿನ ಗೆರೆ ಇದ್ದರೆ, ಸೀಟ್ ಬೆಲ್ಟ್ ಎಳೆದಾಗ ಅರ್ಧಕ್ಕೆ ಸಿಕ್ಕಿಕೊಂಡರೆ, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬಿಚ್ಚಿ ತೋರಿಸಿದ ಮೇಲಷ್ಟೇ ಹಣ ಕೊಡಿ. ದೀಪವನ್ನು ಹೇಗಾದರೂ ಆರಿಸಿಕೊಡುತ್ತೇವೆ ಎನ್ನುವ ಗ್ಯಾರೇಜಿಗೆ ಗಾಡಿ ಬಿಡಬೇಡಿ.

ದೀಪ ಸರಿಯಿದೆ, ಆದರೂ ನೋಡಬೇಕಾದ್ದು

ಟಕಾಟಾ ಕಂಪನಿಯ ಇನ್‌ಫ್ಲೇಟರುಗಳ ವಿಷಯ ಮಲೆನಾಡಿಗೆ ನೇರವಾಗಿ ಸಂಬಂಧಿಸಿದ್ದು. ಅವುಗಳಲ್ಲಿ ಬಳಸಿದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ತೇವ ಮತ್ತು ಶಾಖದ ಏರಿಳಿತ ಉಂಡು ಕೆಡುತ್ತದೆ. ಆಮೇಲೆ ಸಿಡಿದರೆ ಮಿತಿಮೀರಿದ ರಭಸದಲ್ಲಿ ಸಿಡಿದು ಲೋಹದ ಡಬ್ಬಿಯನ್ನೇ ಚೂರು ಮಾಡಿ ಮುಖಕ್ಕೆ ಎಸೆಯುತ್ತದೆ. ಕಂಪನಿ 2017ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಭಾರತದಲ್ಲೂ ಹೋಂಡಾ ಸಿಟಿ, ಜಾಝ್, ಸಿವಿಕ್ ಸೇರಿ ಹಲವು ಹಳೆಯ ಮಾಡೆಲ್‌ಗಳನ್ನು ಇದಕ್ಕಾಗಿ ವಾಪಸ್ ಕರೆಸಿದ್ದಾರೆ. ಈ ದೋಷಕ್ಕೆ ದೀಪವಿಲ್ಲ, ಕೋಡ್ ಇಲ್ಲ, ಸದ್ದಿಲ್ಲ. ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನು ನಿಮ್ಮ ಕಾರಿನ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಇಲ್ಲವೇ ಡೀಲರಿಗೆ ಫೋನ್ ಮಾಡಿ. ಪಟ್ಟಿಯಲ್ಲಿದ್ದರೆ ಉಚಿತವಾಗಿ ಬದಲಿಸಿಕೊಡುತ್ತಾರೆ. ಹಳೆಯ ಗಾಡಿಯನ್ನು ಎರಡನೆಯ, ಮೂರನೆಯ ಕೈಯಿಂದ ಕೊಂಡವರಿಗೆ ಕಂಪನಿಯ ಪತ್ರ ಬಂದೇ ಇರುವುದಿಲ್ಲ.

ಡ್ಯಾಶ್‌ಬೋರ್ಡಿನ ಎಡಭಾಗದ ಏರ್‌ಬ್ಯಾಗ್ ಮುಚ್ಚಳದ ಮೇಲೆ ಗಣಪತಿ ವಿಗ್ರಹ, ಸೆಂಟ್ ಬಾಟ್ಲಿ, ಮೊಬೈಲ್ ಸ್ಟ್ಯಾಂಡ್ ಅಂಟಿಸಬೇಡಿ. ಮುಚ್ಚಳ ತೆರೆಯುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಅಂಟಿಸಿದ್ದು ಕಲ್ಲಿನಂತೆ ಹಾರುತ್ತದೆ. ವಿಗ್ರಹವನ್ನು ನಡುವಿಗೆ ಸರಿಸಿದರೆ ಸಾಕು. ಮಗುವಿನ ಹಿಮ್ಮುಖ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಕೂರಿಸಲೇಬಾರದು. ಚಾಲಕನ ಎದೆಗೂ ಸ್ಟೀರಿಂಗಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರ ಬೇಕು.

ಸ್ಕ್ಯಾನ್ ಮಾಡಿಸುವಾಗ

ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳು ಹೆಚ್ಚಾಗಿ ಎಂಜಿನ್ ಕೋಡನ್ನಷ್ಟೇ ಓದುತ್ತವೆ. ಅದರಲ್ಲಿ ಏನೂ ಬರಲಿಲ್ಲವೆಂದು ಏರ್‌ಬ್ಯಾಗ್ ಸರಿಯಿದೆ ಎಂದುಕೊಳ್ಳಬೇಡಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಹೋಗಲಿ, ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಲಿ, ನಿಮ್ಮ ಸ್ಕ್ಯಾನರ್ ಈ ಮಾಡೆಲ್ಲಿನ ಎಸ್‌ಆರ್‌ಎಸ್ (ಏರ್‌ಬ್ಯಾಗ್ ವ್ಯವಸ್ಥೆ) ಓದುತ್ತದೆಯೇ ಎಂದು ಮೊದಲೇ ಕೇಳಿ. ಕೋಡ್ ಅಳಿಸುವ ಮೊದಲು ಅದರ ಫೋಟೋ ತೆಗೆದುಕೊಳ್ಳಿ.

ಏರ್‌ಬ್ಯಾಗ್ ಕೋಡುಗಳು ಸಾಮಾನ್ಯವಾಗಿ ಬಿ ಅಕ್ಷರದಿಂದ ಶುರುವಾಗುತ್ತವೆ. ಯಾವ ಏರ್‌ಬ್ಯಾಗ್ ಎಂಬುದರ ಜೊತೆಗೆ ಯಾವ ಬಗೆಯ ದೋಷ ಎಂದೂ ಹೇಳುತ್ತವೆ. ರೆಸಿಸ್ಟೆನ್ಸ್ ಹೆಚ್ಚು ಅಥವಾ ಓಪನ್ (ಸರ್ಕ್ಯೂಟ್ ಕಡಿದಿದೆ) ಎಂದಿದ್ದರೆ ಕನೆಕ್ಟರ್ ಸಡಿಲ, ಕಿಲುಬು, ಕಡಿದ ವೈರು, ಹೋದ ಕ್ಲಾಕ್ ಸ್ಪ್ರಿಂಗ್. ರೆಸಿಸ್ಟೆನ್ಸ್ ಕಡಿಮೆ ಎಂದಿದ್ದರೆ ಎರಡು ವೈರು ಒಂದಕ್ಕೊಂದು ತಾಗುತ್ತಿವೆ, ಅಥವಾ ಅರೆ ಕೂತ ಕನೆಕ್ಟರಿನ ಶಾರ್ಟಿಂಗ್ ಬಾರ್ ಇನ್ನೂ ಬಿಟ್ಟಿಲ್ಲ. ಗ್ರೌಂಡಿಗೆ ಶಾರ್ಟ್ ಎಂದರೆ ಜಜ್ಜಿದ ವೈರು ಸೀಟಿನ ಹಳಿಗೋ ಬಾಡಿಗೋ ತಾಗಿದೆ. ಬ್ಯಾಟರಿಗೆ ಶಾರ್ಟ್ ಎಂದು ಬಂದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ನೆಗೆಟಿವ್ ಬಿಚ್ಚಿ, ಟೋ ಮಾಡಿಸಿ. ಏರ್‌ಬ್ಯಾಗ್ ಒಮ್ಮೆ ಬಿಚ್ಚಿಕೊಂಡ ಗಾಡಿ, ಸ್ಟೀರಿಂಗ್ ಮುಚ್ಚಳ ಬಿರುಕು ಬಿಟ್ಟ ಗಾಡಿಗಳನ್ನೂ ಮನೆಯಲ್ಲಿ ನೋಡುವ ಪ್ರಶ್ನೆಯಿಲ್ಲ.

ದುರಸ್ತಿಯಾದ ಮೇಲೆ

ಬ್ಯಾಟರಿ ಜೋಡಿಸಿದ ಮೇಲೆ ಮೊದಲ ಸಲ ಇಗ್ನಿಷನ್ ಆನ್ ಮಾಡುವಾಗ ಯಾರೂ ಏರ್‌ಬ್ಯಾಗಿನ ಎದುರು ಇರಬಾರದು. ಬಾಗಿಲ ಹೊರಗಿನಿಂದ ಕೈ ಚಾಚಿ ಆನ್ ಮಾಡಿ. ದೀಪ 6 ಸೆಕೆಂಡಿಗೆ ಆರಿದರೆ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತ ಹಾರ್ನ್ ಒತ್ತಿ, ಎರಡೂ ಸೀಟನ್ನು ಪೂರ್ತಿ ಹಿಂದೆ ಮುಂದೆ ಮಾಡಿ, ಒಂದು ಕೆಟ್ಟ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ. ಆಗಲೂ ದೀಪ ಬರದಿದ್ದರೆ ಬಿಲ್ ಪಾವತಿಸಿ, ಬಿಲ್ಲಿನಲ್ಲಿ ಬಿಡಿಭಾಗದ ನಂಬರ್ ಬರೆಸಿಕೊಳ್ಳಿ.

ಹಳೆಯ ಬಿಡಿಭಾಗ ವಾಪಸ್ ಕೇಳುವುದು ಒಳ್ಳೆಯ ಅಭ್ಯಾಸ, ಆದರೆ ಸಿಡಿಯದೆ ಉಳಿದ ಏರ್‌ಬ್ಯಾಗ್, ಪ್ರಿಟೆನ್ಷನರ್ ಎರಡನ್ನೂ ಮನೆಗೆ ತರಬೇಡಿ. ನೋಡಿ ಖಚಿತಪಡಿಸಿಕೊಂಡು ಸರ್ವಿಸ್ ಸೆಂಟರಿನಲ್ಲೇ ಬಿಟ್ಟುಬನ್ನಿ. ಅಟ್ಟದ ಮೇಲೆ ಇಟ್ಟರೂ, ಗುಜರಿಗೆ ಹಾಕಿದರೂ ಅದರೊಳಗಿನ ಮದ್ದು ಜೀವಂತವಾಗಿಯೇ ಇರುತ್ತದೆ.